ಗೋದಾಮಿನ ತಂತಿಗೆ ಎಷ್ಟು ವೇಗ ಸಾಕು?

ಮೊಬೈಲ್ ಅಡ್ಡ ಹಿಡಿದರೆ ಪರದೆಯೂ ಅಡ್ಡ ತಿರುಗುತ್ತದೆ. ಮಾತಾಡಲು ಕಿವಿಗಿಟ್ಟರೆ ಅದರ ಬೆಳಕು ಆರುತ್ತದೆ. ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ ಎಂದು ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದೆ. ನಾವು ದಿನಕ್ಕೆ ನೂರು ಸಲ ನೋಡುವ ಈ ಕೆಲಸಗಳ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್‌ಗಳಿವೆ. ಇಂಥ ಚಿಪ್‌ಗಳು ಮುಖ್ಯ ಪ್ರೊಸೆಸರ್ ಜೊತೆ ಮಾತಾಡಲು ಹೆಚ್ಚಾಗಿ ಬಳಸುವುದು ಎರಡೇ ಎರಡು ತಂತಿ. ಆ ಪದ್ಧತಿಯ ಹೆಸರು ಐ-ಟು-ಸಿ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಕಂಪನಿ 1982ರಲ್ಲಿ ಇದನ್ನು ರೂಪಿಸಿತು. ಟಿ.ವಿ. ಪೆಟ್ಟಿಗೆಯೊಳಗಿನ ಚಿಪ್‌ಗಳನ್ನು ಕಡಿಮೆ ತಂತಿಯಲ್ಲಿ ಜೋಡಿಸುವುದು ಆಗಿನ ಉದ್ದೇಶ. ನಲವತ್ತು ವರ್ಷ ದಾಟಿದರೂ ಇದಕ್ಕೆ ಇನ್ನೂ ವಯಸ್ಸಾಗಿಲ್ಲ.

ಎರಡು ತಂತಿಗಳಲ್ಲಿ ಒಂದು ಮಾಹಿತಿಯದು, ಇನ್ನೊಂದು ಗಡಿಯಾರದ್ದು. ನಮ್ಮೂರ ಭಜನೆಯಲ್ಲಿ ಹಾಡುವವರು ಹತ್ತು ಜನ ಇದ್ದರೂ ತಾಳ ಹಾಕುವವನು ಒಬ್ಬನೇ. ಗಡಿಯಾರದ ತಂತಿ ಆ ತಾಳದಂತೆ. ಅದು ಮೇಲೇರಿದಾಗ ಮಾಹಿತಿ ತಂತಿಯಲ್ಲಿ ಏನಿದೆಯೋ ಅದನ್ನು ಓದಬೇಕು, ಕೆಳಗಿಳಿದಾಗ ಮುಂದಿನ ಅಕ್ಷರಕ್ಕೆ ಸಿದ್ಧವಾಗಬೇಕು. ತಾಳ ಹಾಕುವ ಯಂತ್ರಾಂಶಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಎಷ್ಟು ಹೊತ್ತು ಮೇಲೆ, ಎಷ್ಟು ಹೊತ್ತು ಕೆಳಗೆ ಎಂದು ಅದಕ್ಕೆ ಹೇಳಿಕೊಡುವ ತಂತ್ರಾಂಶವೇ ಡ್ರೈವರ್. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಡ್ರೈವರ್ ಮೇಲೆ ಕೆಲಸ ಮಾಡುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದಾಗ ಅವ್ವ, ‘ಇಷ್ಟೆಲ್ಲಾ ಕಲ್ತು ಡ್ರೈವರ್ ಆಗ್ತಿಯೇನವ್ವಾ?’ ಎಂದು ಕೇಳಿದ್ದಳು.

ನಮ್ಮದು ಹಿರೇಕೆರೂರು ಸೀಮೆಯ ಮಾಸೂರು. ಸರ್ವಜ್ಞನ ತಂದೆಯ ಊರು ಎಂದು ಜನ ಹೇಳಿಕೊಂಡು ಬಂದ ಊರು. ಹೊರಗಿನವರಿಗೆ ನಾವು ಹೆಚ್ಚಾಗಿ ಗೊತ್ತಿರುವುದು ಮದಗದ ಕೆರೆಯಿಂದ. ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಕುಮುದ್ವತಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಮಳೆಗಾಲದಲ್ಲಿ ಅಲ್ಲಿ ನೀರು ಧುಮ್ಮಿಕ್ಕುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಸುತ್ತಲಿನ ಹೊಲಗಳಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ, ಅಲ್ಲಲ್ಲಿ ಹತ್ತಿ.

ಗೋವಿನಜೋಳ ಬೆಳೆಯುವುದು ಒಂದು ಕಷ್ಟವಾದರೆ ಕಾಯ್ದುಕೊಳ್ಳುವುದು ಇನ್ನೊಂದು. ಒಕ್ಕಣೆಯ ಹೊತ್ತಿಗೆ ಮಳೆ ಬಂದರೆ ಕಾಳಿನಲ್ಲಿ ಹಸಿ ಉಳಿಯುತ್ತದೆ. ಬೆಂಬಲ ಬೆಲೆಯಲ್ಲಿ ಕೊಳ್ಳುವಾಗ ತೇವಾಂಶ ಶೇ 14 ಮೀರಬಾರದು ಎಂಬ ನಿಯಮವಿದೆ. ದರ ಏರಲಿ ಎಂದು ಚೀಲ ತುಂಬಿ ಇಟ್ಟರೆ, ಕಾಳುಗಳ ನಡುವಿನ ಗಾಳಿಯ ಆರ್ದ್ರತೆ ಶೇ 70 ದಾಟಿ ಹಾಗೇ ನಿಂತಾಗ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತದೆ. ಅಂಥ ಕಾಳು ತಿಂದರೆ ಕೋಳಿಗೂ ಕೇಡು, ದನಕ್ಕೂ ಕೇಡು. ವ್ಯಾಪಾರಿ ಚೀಲ ಬಿಚ್ಚಿ ಮೂಗಿಗೆ ಹಿಡಿದ ಕೂಡಲೇ ದರ ಇಳಿಯುತ್ತದೆ.

ಹಾಗಾಗಿ ನಾನು ಮತ್ತು ನನ್ನ ಗೆಳತಿ ಆರಿಸಿಕೊಂಡ ಪ್ರಾಜೆಕ್ಟ್ ಸರಳವಾಗಿತ್ತು. ನಮ್ಮ ಕಾಕಾನ ಗೋದಾಮಿನ ಗೋಡೆಗೆ ಒಂದು ಸಣ್ಣ ಕಂಪ್ಯೂಟರ್ ಬೋರ್ಡ್. ಅಲ್ಲಿಂದ ಚೀಲಗಳ ಒಟ್ಟಿಲಿನೊಳಗೆ ಮೂರು ಮೀಟರ್ ಕೇಬಲ್. ಅದಕ್ಕೆ ಉಷ್ಣತೆ ಮತ್ತು ಆರ್ದ್ರತೆ ಅಳೆಯುವ ಎರಡು ಸೆನ್ಸರ್. ಹತ್ತು ನಿಮಿಷಕ್ಕೊಮ್ಮೆ ಓದಿದ ಅಂಕಿ ಕಾಕಾನ ಮೊಬೈಲಿಗೆ ಹೋಗಬೇಕು. ಅಂಕಿ ಏರಿದರೆ ಕಿಟಕಿ ತೆರೆದು ಗಾಳಿ ಆಡಿಸಬಹುದು, ಚೀಲ ಹೊರಗೆ ತೆಗೆದು ಬಿಸಿಲಿಗೆ ಹರವಬಹುದು.

ಪ್ರಯೋಗಾಲಯದಲ್ಲಿ ಗೇಣುದ್ದದ ತಂತಿ ಹಾಕಿ ಎರಡು ವಾರ ಓಡಿಸಿದಾಗ ಒಂದು ಅಂಕಿಯೂ ತಪ್ಪಲಿಲ್ಲ. ಗೋದಾಮಿನಲ್ಲಿ ಮಾತ್ರ ಮೊದಲ ದಿನದಿಂದಲೇ ತೊಂದರೆ. ಒಮ್ಮೆ ಸೆನ್ಸರ್ ಉತ್ತರ ಕೊಡುತ್ತಿತ್ತು, ನಾಲ್ಕು ಸಲ ಕೊಡುತ್ತಿರಲಿಲ್ಲ. ಕೊಟ್ಟ ಉತ್ತರದಲ್ಲೂ ಪರಿಶೀಲನೆಗೆಂದು ಬರುವ ಕೊನೆಯ ಅಂಕಿ ತಾಳೆಯಾಗದೆ ತಂತ್ರಾಂಶ ಅದನ್ನು ಎಸೆಯುತ್ತಿತ್ತು. ಅಕ್ಟೋಬರ್‌ನ ಒಂದು ಮಳೆಯ ರಾತ್ರಿ ಹೊಸ ಅಂಕಿಯೇ ಹೋಗದೆ ಕಾಕಾನ ಮೊಬೈಲಿನಲ್ಲಿ ಹಳೆಯ ಒಳ್ಳೆಯ ಅಂಕಿಯೇ ನಿಂತಿತ್ತು. ಬೆಳಿಗ್ಗೆ ಅವರು ನಡುವಿನ ಚೀಲಕ್ಕೆ ಕೈ ಹಾಕಿ, ಒಂದು ಕಾಳು ಹಲ್ಲಿಗಿಟ್ಟು ಕಡಿದರು. ಕಟ್ ಎನ್ನಲಿಲ್ಲ. ‘ನಿಮ್ಮ ಮಿಷನ್ನಿಗಿಂತ ನನ್ನ ಹಲ್ಲ ಚಲೋ ಅದಾವಲ್ಲವ್ವಾ’ ಎಂದು ನಕ್ಕು, ಆಳುಗಳನ್ನು ಕರೆದು ಚೀಲ ಹೊರಗೆ ತೆಗೆಸಿದರು. ಕಾಳು ಉಳಿಯಿತು. ಆದರೆ ಯಂತ್ರ ಸುಮ್ಮನಾದಾಗ ಅದನ್ನು ನಂಬಿದ ರೈತ ನಷ್ಟಕ್ಕೆ ಎಷ್ಟು ಹತ್ತಿರ ಹೋಗುತ್ತಾನೆ ಎಂಬುದು ನಮಗೆ ಕಣ್ಣೆದುರೇ ಕಂಡಿತು.

ಸೆನ್ಸರ್ ಕೆಟ್ಟಿದೆ ಎಂದು ಹಲವರು ಹೇಳಿದರು. ಹೊಸದನ್ನು ಹಾಕಿದರೂ ಅದೇ ಕಥೆ. ಕೊನೆಗೆ ಅದೇ ಕೇಬಲ್ ಸುತ್ತಿಕೊಂಡು ಹೋಗಿ ಕಾಲೇಜಿನ ಆಸಿಲೋಸ್ಕೋಪಿಗೆ ಹಚ್ಚಿದೆವು. ಪುಸ್ತಕದಲ್ಲಿ ಗಡಿಯಾರದ ಚಿತ್ರ ಕೋಟೆಯ ತೆನೆಗಳ ಹಾಗೆ ಚೌಕ ಚೌಕವಾಗಿರುತ್ತದೆ. ಪರದೆಯ ಮೇಲೆ ಕಂಡದ್ದು ಮೀನಿನ ಬೆನ್ನಿನ ರೆಕ್ಕೆ. ಏರುವಾಗ ನಿಧಾನವಾಗಿ ಬಾಗಿದ ಗೆರೆ, ಇಳಿಯುವಾಗ ಕಡಿದಿಟ್ಟಂತೆ ನೇರ.

ಇದೇಕೆ ಹೀಗೆ? ಮದಗದ ಕೆರೆಯ ಕೆಳಗಿನ ಗದ್ದೆಗಳನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಸಣ್ಣ ಕಾಲುವೆಯಿಂದ ಗದ್ದೆಗೆ ನೀರು ತುಂಬಲು ಹೊತ್ತು ಬೇಕು. ಬದು ಕಡಿದರೆ ಮಾತ್ರ ನೀರು ಕ್ಷಣದಲ್ಲಿ ಖಾಲಿ. ಐ-ಟು-ಸಿಯಲ್ಲಿ ಯಾವ ಚಿಪ್ಪೂ ತಂತಿಯನ್ನು ಮೇಲಕ್ಕೆ ತಳ್ಳುವುದಿಲ್ಲ. ಅದು ಕೆಳಗೆ ಎಳೆಯಬಲ್ಲದು, ಇಲ್ಲವೇ ಕೈ ಬಿಡಬಲ್ಲದು. ಕೈ ಬಿಟ್ಟಾಗ ಒಂದು ರೆಸಿಸ್ಟರ್ ಮೂಲಕ ವಿದ್ಯುತ್ ಹರಿದು ತಂತಿಯನ್ನು ತುಂಬುತ್ತದೆ. ರೆಸಿಸ್ಟರ್ ಎಂದರೆ ಕಾಲುವೆಯ ಅಗಲ, ಕೇಬಲ್ಲಿನ ಕೆಪಾಸಿಟೆನ್ಸ್ ಎಂದರೆ ಗದ್ದೆಯ ವಿಸ್ತಾರ. ಕೇಬಲ್ ಉದ್ದವಾದಷ್ಟೂ ಗದ್ದೆ ದೊಡ್ಡದು. ನಿಯಮದ ಪ್ರಕಾರ ಒಟ್ಟು ಕೆಪಾಸಿಟೆನ್ಸ್ 400 ಪಿಕೋಫ್ಯಾರಡ್ ಮೀರಬಾರದು. ನಮ್ಮಲ್ಲಿ ಕೇಬಲ್, ಸೆನ್ಸರ್, ಬೋರ್ಡ್ ಎಲ್ಲ ಸೇರಿ ಸುಮಾರು 250 ಇತ್ತು. ಆ ಮಟ್ಟಿಗೆ ತೊಂದರೆಯಿಲ್ಲ.

ತೊಂದರೆ ಇದ್ದದ್ದು ವೇಗದಲ್ಲಿ. ಐ-ಟು-ಸಿಗೆ ಹಲವು ವೇಗಗಳಿವೆ. ಮೂಲದ್ದು ಸೆಕೆಂಡಿಗೆ ಒಂದು ಲಕ್ಷ ತಾಳ, ಅಂದರೆ 100 ಕಿಲೋಹರ್ಟ್ಸ್. ಮುಂದೆ 400 ಕಿಲೋಹರ್ಟ್ಸ್ ಬಂತು. ನಮ್ಮ ಬೋರ್ಡ್ ಜೊತೆ ಬಂದ ಸೆಟ್ಟಿಂಗ್ 400 ಆಗಿತ್ತು. 400 ಎಂದರೆ ಒಂದು ತಾಳಕ್ಕೆ ಸಿಗುವುದು 2.5 ಮೈಕ್ರೊಸೆಕೆಂಡ್ ಮಾತ್ರ. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ.

ಈ 2.5ರ ಹಂಚಿಕೆಯನ್ನು ನಿಯಮ ಪುಸ್ತಕದಲ್ಲಿ ನೋಡಿದಾಗ ನನಗೆ ನಮ್ಮಜ್ಜನ ಪಾಲು ಪತ್ರ ನೆನಪಾಯಿತು. ಕೆಳಗಿರುವ ಹೊತ್ತು ಕನಿಷ್ಠ 1.3. ಮೇಲಿರುವ ಹೊತ್ತು ಕನಿಷ್ಠ 0.6. ಏರಲು ಹೆಚ್ಚೆಂದರೆ 0.3, ಇಳಿಯಲು ಹೆಚ್ಚೆಂದರೆ 0.3. ಕೂಡಿಸಿ ನೋಡಿ, ಸರಿಯಾಗಿ 2.5. ಒಂದು ಚೂರೂ ಮಿಗುವುದಿಲ್ಲ. 100 ಕಿಲೋಹರ್ಟ್ಸ್‌ನ ಲೆಕ್ಕವೂ ಹೀಗೆಯೇ. ಕೆಳಗೆ 4.7, ಮೇಲೆ 4.0, ಏರಲು 1.0, ಇಳಿಯಲು 0.3. ಒಟ್ಟು 10 ಮೈಕ್ರೊಸೆಕೆಂಡ್.

ಈಗ ಡ್ರೈವರ್ ಏನು ಮಾಡುತ್ತಿತ್ತು ನೋಡಿ. ಕಂಟ್ರೋಲರ್‌ಗೆ ಬರುವ ಮೂಲ ಗಡಿಯಾರ 100 ಮೆಗಾಹರ್ಟ್ಸ್, ಅಂದರೆ ಒಂದೊಂದು ಎಣಿಕೆಗೆ 10 ನ್ಯಾನೊಸೆಕೆಂಡ್. 2.5 ಮೈಕ್ರೊಸೆಕೆಂಡಿಗೆ 250 ಎಣಿಕೆ. ಡ್ರೈವರ್ ಅದನ್ನು ಸಮಪಾಲು ಮಾಡಿ ಕೆಳಗೆ 125, ಮೇಲೆ 125 ಎಂದು ಬರೆಯುತ್ತಿತ್ತು. ನೋಡಲು ನ್ಯಾಯವಾಗಿಯೇ ಇದೆ. ಆದರೆ 125 ಎಣಿಕೆ ಎಂದರೆ 1.25 ಮೈಕ್ರೊಸೆಕೆಂಡ್. ಕೆಳಗಿನ ಪಾಲಿಗೆ ಬೇಕಾದ್ದು ಕನಿಷ್ಠ 1.3. ಸಮಪಾಲೇ ಇಲ್ಲಿ ನಿಯಮ ಮುರಿಯುತ್ತದೆ! ತಂತಿ ಚಿಕ್ಕದಿದ್ದಾಗ ಸೆನ್ಸರ್‌ಗಳು ಇಷ್ಟು ಕೊರತೆಯನ್ನು ಸಹಿಸಿಕೊಂಡಿದ್ದವು, ಹಾಗಾಗಿ ಪ್ರಯೋಗಾಲಯದಲ್ಲಿ ಏನೂ ಗೊತ್ತಾಗಿರಲಿಲ್ಲ.

ಮೇಲಿನ ಪಾಲಿನ ಸ್ಥಿತಿ ಇನ್ನೂ ಕಷ್ಟದ್ದು. ತಂತಿಯ ವೋಲ್ಟೇಜ್ ಪೂರ್ಣ ಮಟ್ಟದ ಶೇ 70 ಮುಟ್ಟಿದರೆ ಮಾತ್ರ ಅದು ‘ಮೇಲೆ’ ಇದೆ ಎಂದು ಖಚಿತ. ನಮ್ಮಲ್ಲಿದ್ದ 4.7 ಕಿಲೋಓಮ್ ರೆಸಿಸ್ಟರ್ ಮತ್ತು 250 ಪಿಕೋಫ್ಯಾರಡ್ ಸೇರಿದರೆ ಅಷ್ಟು ಏರಲು ಬೇಕಾದ ಹೊತ್ತು ಸುಮಾರು 1.4 ಮೈಕ್ರೊಸೆಕೆಂಡ್. ಡ್ರೈವರ್ ಕೊಟ್ಟದ್ದು 1.25. ತಂತಿ ಮೇಲೆ ಮುಟ್ಟುವ ಮೊದಲೇ ಕಂಟ್ರೋಲರ್ ಅದನ್ನು ಕೆಳಗೆ ಎಳೆಯುತ್ತಿತ್ತು. ತಂತಿ ನಿಜಕ್ಕೂ ಏರಿತೇ ಎಂದು ನೋಡಿ, ಆಮೇಲೆ ಎಣಿಕೆ ಶುರು ಮಾಡುವ ಕಂಟ್ರೋಲರ್‌ಗಳೂ ಇವೆ. ನಮ್ಮದು ಕಣ್ಣುಮುಚ್ಚಿ ಎಣಿಸುವ ಜಾತಿಯದು. ಪಾಪ, ಸೆನ್ಸರ್‌ಗೆ ತಾಳವೇ ಕೇಳಿಸುತ್ತಿರಲಿಲ್ಲ.

ಪರಿಹಾರ ಮೂರು ಹೆಜ್ಜೆಯದು. ಮೊದಲು ರೆಸಿಸ್ಟರ್ ಬದಲಿಸಿ 2.2 ಕಿಲೋಓಮ್ ಹಾಕಿದೆವು. ಕಾಲುವೆ ಅಗಲವಾಯಿತು, ಶೇ 70ಕ್ಕೆ ಏರುವ ಹೊತ್ತು ಸುಮಾರು 0.66 ಮೈಕ್ರೊಸೆಕೆಂಡಿಗೆ ಇಳಿಯಿತು. ಎರಡನೆಯದು, ಲಿನಕ್ಸ್‌ನಲ್ಲಿ ಯಂತ್ರಾಂಶದ ವಿವರ ಬರೆದಿಡುವ ಡಿವೈಸ್ ಟ್ರೀ ಎಂಬ ಕಡತದಲ್ಲಿ ವೇಗವನ್ನು 400ರಿಂದ 100 ಕಿಲೋಹರ್ಟ್ಸ್‌ಗೆ ಇಳಿಸಿದೆವು. ತಂತಿ ಏರಲು, ಇಳಿಯಲು ಎಷ್ಟು ನ್ಯಾನೊಸೆಕೆಂಡ್ ಬೇಕು ಎಂದು ಬರೆಯಲು ಅಲ್ಲಿ ಪ್ರತ್ಯೇಕ ಸಾಲುಗಳೇ ಇವೆ. ಪುಸ್ತಕದ ಅಂಕಿ ಬಿಟ್ಟು ನಾವು ಅಳೆದ ಅಂಕಿಯನ್ನು ಅಲ್ಲಿ ಬರೆದೆವು. ಮೂರನೆಯದು, ಡ್ರೈವರ್‌ನ ಸಮಪಾಲಿನ ಸೂತ್ರ ತೆಗೆದು, ಆ ಸಾಲುಗಳನ್ನು ಓದಿ ನಿಯಮದ ಪ್ರಕಾರ ಪಾಲು ಮಾಡುವಂತೆ ತಿದ್ದಿದೆವು. ಕಂಟ್ರೋಲರ್‌ಗಳು ಕೆಲವೊಮ್ಮೆ ಬರೆದ ಎಣಿಕೆಗೆ ತಾವೇ ಒಂದೆರಡು ಸೇರಿಸಿಕೊಳ್ಳುತ್ತವೆ. ಅದನ್ನೂ ಕೈಪಿಡಿಯಲ್ಲಿ ಹುಡುಕಿ ಕಳೆಯಬೇಕು. ಎಲ್ಲ ಮುಗಿದ ಮೇಲೆ ಗೋದಾಮಿನ ಸೆನ್ಸರ್‌ಗಳು ಹತ್ತು ನಿಮಿಷಕ್ಕೊಮ್ಮೆ ತಪ್ಪದೆ ಉತ್ತರ ಕೊಟ್ಟವು. ಜೊತೆಗೆ ಇನ್ನೊಂದು ಸಣ್ಣ ಬದಲಾವಣೆ ಮಾಡಿದೆವು: ಹೊಸ ಅಂಕಿ ಬರದಿದ್ದರೆ ಮೊಬೈಲ್ ಈಗ ಹಳೆಯದನ್ನು ತೋರಿಸುವುದಿಲ್ಲ, ‘ಓದಲು ಆಗಿಲ್ಲ’ ಎಂದೇ ಹೇಳುತ್ತದೆ.

ವೇಗ ಇಳಿಸಿದ್ದಕ್ಕೆ ಏನಾದರೂ ಕಳೆದುಕೊಂಡೆವೇ? ಲೆಕ್ಕ ಹಾಕಿ. ಐ-ಟು-ಸಿಯಲ್ಲಿ ಒಂದು ಬೈಟ್ ಸಾಗಿಸಲು ಒಂಬತ್ತು ತಾಳ ಬೇಕು: ಎಂಟು ಮಾಹಿತಿಗೆ, ಒಂದು ‘ಮುಟ್ಟಿತು’ ಎನ್ನುವ ಒಪ್ಪಿಗೆಗೆ. 100 ಕಿಲೋಹರ್ಟ್ಸ್‌ನಲ್ಲಿ ಇದಕ್ಕೆ 90 ಮೈಕ್ರೊಸೆಕೆಂಡ್. ಒಂದು ಸೆನ್ಸರಿನ ಉತ್ತರ ವಿಳಾಸವೂ ಸೇರಿ ಏಳು ಬೈಟ್, ಅಂದರೆ 630 ಮೈಕ್ರೊಸೆಕೆಂಡ್. 400ರಲ್ಲಿ ಓಡಿಸಿದ್ದರೆ ಸುಮಾರು 160. ಉಳಿಯುತ್ತಿದ್ದದ್ದು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ. ಅದೂ ಹತ್ತು ನಿಮಿಷಕ್ಕೊಮ್ಮೆ, ಗಂಟೆಗಟ್ಟಲೆ ನಿಧಾನವಾಗಿ ಬದಲಾಗುವ ಆರ್ದ್ರತೆಯನ್ನು ಓದುವುದಕ್ಕೆ! ಆ ಅರ್ಧ ಮಿಲಿಸೆಕೆಂಡ್ ಗೋವಿನಜೋಳಕ್ಕೂ ಬೇಡ, ಕಾಕಾಗೂ ಬೇಡ. ಅವರಿಗೆ ಬೇಕಾದ್ದು ಮಳೆಯ ರಾತ್ರಿಯಲ್ಲೂ ತಪ್ಪದೆ ಬರುವ ಅಂಕಿ.

ನಮ್ಮ ವಯಸ್ಸಿನವರಿಗೆ ವೇಗವೆಂದರೆ ಆಸೆ. ಫೋನ್ ಕೊಳ್ಳುವಾಗಲೂ ಮೊದಲು ಕೇಳುವುದು ಅದನ್ನೇ. ಈ ಕೆಲಸದಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕಡತದಲ್ಲಿ ಬರೆಯುವ ವೇಗ ನಮ್ಮ ಬಯಕೆ ಮಾತ್ರ. ನಿಜವಾದ ವೇಗವನ್ನು ತೀರ್ಮಾನಿಸುವುದು ಆ ಜಾಗದ ತಂತಿ. ಮೇಜಿನ ಮೇಲೆ ಸರಿಯಾದದ್ದು ಗೋದಾಮಿನಲ್ಲೂ ಸರಿಯಾಗಬೇಕಾದರೆ ಗೋದಾಮಿಗೇ ಹೋಗಿ ಅಳೆಯಬೇಕು.

ಇಂಥ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಇಂಜಿನಿಯರ್‌ಗಳು ಸೇರಿ, ಹಳ್ಳಿಯ ಜನಕ್ಕೂ ಎಟುಕಲಿ ಎಂದು ಲಿನಕ್ಸ್ ಮೇಲೆ ನಡೆಯುವ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರ್ ರೂಪಿಸಿದರು. 2001ರ ಹೊತ್ತಿಗೆ ಅದು ಜಗತ್ತಿನ ಗಮನ ಸೆಳೆದಿತ್ತು. ಆದರೂ ನಮ್ಮ ಕಡೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಂದರೆ ಆ್ಯಪ್ ಎಂಬ ಭಾವನೆ ಹೆಚ್ಚು. ಆ್ಯಪ್ ಬೇಕು, ನಾವೂ ಮಾಡಿದ್ದೇವೆ. ಅದರ ಕೆಳಗಿನ ತಂತಿಯ ಹಂತಕ್ಕೆ ಇಳಿಯುವವರು ಮಾತ್ರ ಇನ್ನೂ ಕಡಿಮೆ.

ಇಳಿಯಲು ದೊಡ್ಡ ಖರ್ಚೇನೂ ಬೇಕಿಲ್ಲ. ಲಿನಕ್ಸ್‌ನ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ಐ-ಟು-ಸಿಯ ನಿಯಮ ಪುಸ್ತಕ ಉಚಿತವಾಗಿ ಸಿಗುತ್ತದೆ. ಒಂದು ಸಣ್ಣ ಬೋರ್ಡ್, ಒಂದು ಸೆನ್ಸರ್ ತೆಗೆದುಕೊಳ್ಳಿ. ಪುಸ್ತಕದಲ್ಲಿ ಸಮಯದ ಕೋಷ್ಟಕವಿರುವ ಪುಟ ತೆರೆದಿಟ್ಟುಕೊಂಡು, ನಿಮ್ಮ ಡ್ರೈವರ್ ಮೇಲಿನ ಮತ್ತು ಕೆಳಗಿನ ಪಾಲಿಗೆ ಎಷ್ಟೆಷ್ಟು ಎಣಿಕೆ ಬರೆಯುತ್ತಿದೆ ಎಂದು ಹುಡುಕಿ. ಕೂಡಿ ಕಳೆಯುವ ಲೆಕ್ಕ ಬಂದರೆ ಸಾಕು. ನಿಮ್ಮೂರಿನಲ್ಲೂ ಒಂದು ಗೋದಾಮು, ಒಂದು ಹಾಲಿನ ಡೇರಿ, ಒಂದು ನೀರಿನ ಟ್ಯಾಂಕ್ ಇದ್ದೇ ಇರುತ್ತದೆ. ಮೊದಲ ಪ್ರಯೋಗವನ್ನು ಅಲ್ಲಿಂದಲೇ ಶುರು ಮಾಡಬಹುದಲ್ಲವೇ?