ಎಳ್ಳು ಬೀರುವ ಸಂಪ್ರದಾಯ: ಒಂದು ವಿವೇಚನೆ

ಮಕರ ಸಂಕ್ರಾಂತಿಯ ಸಂಜೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕಾಣಬರುವ ನೋಟವೊಂದುಂಟು. ಹೊಸ ಬಟ್ಟೆ ತೊಟ್ಟು ಹೂ ಮುಡಿದ ಹೆಣ್ಣುಮಕ್ಕಳು ಕೈಯಲ್ಲಿ ತಟ್ಟೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ. ತಟ್ಟೆಯಲ್ಲಿ ಎಳ್ಳುಬೆಲ್ಲದ ಮಿಶ್ರಣ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಯ ಹಣ್ಣು, ಎಲೆ ಅಡಕೆ ಇರುತ್ತವೆ. ಒಂದು ಮನೆಗೆ ಎಳ್ಳನ್ನು ಕೊಟ್ಟು, ಆ ಮನೆಯಿಂದ ಎಳ್ಳನ್ನೇ ಪಡೆದು ಹಿಂದಿರುಗುತ್ತಾರೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಈ ವ್ಯವಹಾರದಲ್ಲಿ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಬೆಳಗ್ಗೆ ಮನೆಯಲ್ಲಿದ್ದಷ್ಟೇ ಎಳ್ಳು ರಾತ್ರಿಯೂ ಇರುತ್ತದೆ. ಕೈ ಮಾತ್ರ ಬದಲಾಗಿರುತ್ತದೆ. ಹೀಗಿರಲು ಇಷ್ಟೊಂದು ಶ್ರಮವೇಕೆ? ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ಗಮನಿಸೋಣ. ಈ ಕ್ರಿಯೆಗೆ ನಮ್ಮ ಜನ ‘ಎಳ್ಳು ಕೊಡುವುದು’ ಎನ್ನುವುದಿಲ್ಲ, ‘ಎಳ್ಳು ಬೀರುವುದು’ ಎನ್ನುತ್ತಾರೆ. ‘ಬೀರು’ ಎಂಬ ಧಾತುವಿಗೆ ಚೆಲ್ಲು, ಹರಡು, ಹಂಚು ಎಂಬ ಅರ್ಥಗಳಿವೆ. ಹೂವು ಕಂಪನ್ನು ಬೀರುತ್ತದೆ, ದೀಪ ಬೆಳಕನ್ನು ಬೀರುತ್ತದೆ, ಮಗು ನಗೆಯನ್ನು ಬೀರುತ್ತದೆ. ಹೂವು ಕಂಪನ್ನು ಬೀರುವಾಗ ಇಂಥವನಿಗೆ ಇಷ್ಟೆಂದು ಅಳೆಯುವುದಿಲ್ಲ. ಬೀರಿದುದರಿಂದ ಅದರ ಕಂಪು ಕುಗ್ಗುವುದೂ ಇಲ್ಲ. ಕೊಡುವುದೆಂದರೆ ತನ್ನದು ಮತ್ತೊಬ್ಬನದಾಗುವುದು; ಬೀರುವುದೆಂದರೆ ತನ್ನದು ಎಲ್ಲರದೂ ಆಗುವುದು. ಈ ಸೂಕ್ಷ್ಮ ವ್ಯತ್ಯಾಸವನ್ನು ಆಡುಮಾತು ತಾನಾಗಿಯೇ ಕಾಪಾಡಿಕೊಂಡು ಬಂದಿದೆ.

ಇನ್ನು ಎಳ್ಳು. ಭಾರತದಲ್ಲಿ ಅತಿ ಪ್ರಾಚೀನ ಕಾಲದಿಂದ ಬೆಳೆದುಬಂದ ಎಣ್ಣೆಕಾಳುಗಳಲ್ಲಿ ಇದು ಮುಖ್ಯವಾದುದು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಯಾದ ಎಳ್ಳು ದೊರೆತಿದೆ. ಕಾಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಸಂಸ್ಕೃತದಲ್ಲಿ ‘ತಿಲ’ದಿಂದ ‘ತೈಲ’ ಶಬ್ದ ಹುಟ್ಟಿದಂತೆ, ದ್ರಾವಿಡ ಭಾಷೆಗಳಲ್ಲಿ ‘ಎಳ್’ ಮತ್ತು ‘ನೆಯ್’ ಸೇರಿ ‘ಎಣ್ಣೆ’ ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂದು ನಾವು ಕೊಬ್ಬರಿಯ ಎಣ್ಣೆ, ಹರಳೆಣ್ಣೆ ಎನ್ನುವಾಗಲೂ ಆ ಮಾತಿನೊಳಗೆ ಎಳ್ಳು ಅಡಗಿಯೇ ಇದೆ. ಅಲ್ಪತೆಯ ಅಳತೆಯೂ ಇದರಿಂದಲೇ ಬಂದಿದೆ: ‘ಎಳ್ಳಷ್ಟೂ ಸಂದೇಹವಿಲ್ಲ’ ಎನ್ನುತ್ತೇವೆ. ಹಬ್ಬದ ಕೊಡುಗೆಗೆ ಈ ಕಾಳನ್ನೇ ಆರಿಸಿಕೊಂಡುದು ಅರ್ಥಪೂರ್ಣವಾಗಿದೆ. ಬಡವನೂ ಕೊಡಬಲ್ಲಷ್ಟು ಚಿಕ್ಕದು. ಒಳಗೆ ಸ್ನೇಹವನ್ನು ತುಂಬಿಕೊಂಡದ್ದು. ‘ಸ್ನೇಹ’ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇರುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು.

ಆದರೆ ಎಳ್ಳಿಗೆ ಇನ್ನೊಂದು ಮುಖವುಂಟು. ಪಿತೃಕಾರ್ಯದಲ್ಲಿ ತರ್ಪಣಕ್ಕೆ ಬೇಕಾದುದು ಎಳ್ಳು ಮತ್ತು ನೀರು. ಆಸೆ ಬಿಟ್ಟ ವಸ್ತುವಿಗೆ ‘ಎಳ್ಳುನೀರು ಬಿಟ್ಟಂತೆ’ ಎಂಬ ನುಡಿಗಟ್ಟು ಇಲ್ಲಿಂದಲೇ ಬಂದಿದೆ. ದೋಷಪರಿಹಾರಕ್ಕಾಗಿ ತಿಲದಾನ ಮಾಡುವ ಪದ್ಧತಿಯೂ ಇದೆ. ಕೊಟ್ಟವನ ದೋಷ ಪಡೆದವನಿಗೆ ಅಂಟೀತೆಂಬ ಶಂಕೆಯಿಂದ ಬರಿಯ ಎಳ್ಳನ್ನು ಕೈಯಿಂದ ಕೈಗೆ ತೆಗೆದುಕೊಳ್ಳಲು ಹಿಂಜರಿಯುವವರು ಈಗಲೂ ಇದ್ದಾರೆ. ಅದೇ ಎಳ್ಳು ಸಂಕ್ರಾಂತಿಯಂದು ಮಂಗಳದ್ರವ್ಯವಾಗುವ ಬಗೆ ಹೇಗೆ? ಎರಡು ಬದಲಾವಣೆಗಳಿಂದ. ಮೊದಲನೆಯದು, ಎಳ್ಳು ಒಂಟಿಯಾಗಿ ಬರುವುದಿಲ್ಲ; ಬೆಲ್ಲದೊಡನೆ ಬರುತ್ತದೆ. ಎರಡನೆಯದು, ಅದು ಒಮ್ಮುಖವಾಗಿ ಸಾಗುವುದಿಲ್ಲ. ಕೊಟ್ಟವರೂ ಪಡೆಯುತ್ತಾರೆ, ಪಡೆದವರೂ ಕೊಡುತ್ತಾರೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಎಳ್ಳು ಬೀರುವಲ್ಲಿ ಎರಡು ಕೈಗಳೂ ಸಮ. ದಾನದೊಳಗೆ ಕೊಡುವವನ ಅಹಂಕಾರಕ್ಕೆ ಎಡೆಯುಂಟೆಂಬುದನ್ನು ಅರಿತೇ ನಮ್ಮ ಶರಣರು ದಾಸೋಹದ ಮಾತನ್ನು ಮುಂದಿಟ್ಟರು. ಶಾಸ್ತ್ರ ಬಲ್ಲದ ಗೃಹಿಣಿಯರು ತಮ್ಮ ಅಡಿಗೆಮನೆಯಲ್ಲಿ ಕಂಡುಕೊಂಡ ಈ ಪದ್ಧತಿಯೂ ಆ ದಿಕ್ಕಿನಲ್ಲಿಯೇ ಸಾಗಿದೆಯೆಂದರೆ ಅತಿಶಯೋಕ್ತಿಯಾಗದು.

ಮಿಶ್ರಣದ ಸಿದ್ಧತೆ ಒಂದು ದಿನದ ಕೆಲಸವಲ್ಲ. ಎಳ್ಳನ್ನು ನೆನೆಸಿ, ಉಜ್ಜಿ, ಸಿಪ್ಪೆ ತೆಗೆದು, ಒಣಗಿಸಿ, ಹದವರಿತು ಹುರಿಯಬೇಕು. ಕೊಬ್ಬರಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆದು ಸಣ್ಣದಾಗಿ ಹೆಚ್ಚಬೇಕು. ಅಚ್ಚುಬೆಲ್ಲವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ಬಿಸಿಲಿನಲ್ಲಿ ಇಡಬೇಕು. ಕಡಲೆಕಾಯಿಬೀಜವನ್ನು ಹುರಿದು, ಸಿಪ್ಪೆ ಕಳೆದು, ಬೇಳೆಯಾಗಿಸಬೇಕು. ಇವುಗಳಿಗೆ ಹುರಿಗಡಲೆ ಸೇರಿದರೆ ಐದು ದ್ರವ್ಯಗಳು ಕೂಡಿದಂತಾಯಿತು. ಸಕ್ಕರೆ ಅಚ್ಚಿಗಂತೂ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಸಕಾಲದಲ್ಲಿ ಹೊಯ್ಯಬೇಕು. ಪಾಕ ಸ್ವಲ್ಪ ತಪ್ಪಿದರೂ ಗಿಳಿಯ ಕೊಕ್ಕು ಮುರಿಯುತ್ತದೆ, ಆನೆಯ ಸೊಂಡಿಲು ಅಚ್ಚಿನಲ್ಲಿಯೇ ಉಳಿಯುತ್ತದೆ. ಕೊಡುಗೆಯ ಬೆಲೆ ಅಲ್ಪ. ಅದರಲ್ಲಿ ಬೆರೆತಿರುವ ಕೈಗೆಲಸ ಬಹಳ. ನೆರೆಮನೆಯವರು ಬಾಯಿಗೆ ಹಾಕಿಕೊಳ್ಳುವುದು ಮುಖ್ಯವಾಗಿ ಈ ಕೈಗೆಲಸವನ್ನೇ.

ಇಲ್ಲಿ ಒಂದು ಐತಿಹಾಸಿಕ ಅಂಶವನ್ನು ಗಮನಿಸಬೇಕು. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಯುರೋಪಿಯನ್ನರು ಆ ಖಂಡವನ್ನು ತಲಪಿದ 1498ರ ಅನಂತರವೇ ಅದು ನಮ್ಮ ನಾಡಿಗೆ ಬಂದಿತು. ಆದುದರಿಂದ ಈಗಿನ ಐದು ದ್ರವ್ಯಗಳ ಮಿಶ್ರಣ ಅನಾದಿಯೆಂದು ಸಾಧಿಸುವುದು ಸಾಧ್ಯವಿಲ್ಲ. ಹೊರನಾಡಿನ ಬೀಜವೊಂದು ಬಂದಾಗ ನಮ್ಮ ಹಿರಿಯರು ಅದನ್ನು ಹೊರಗಿಡಲಿಲ್ಲ. ತಟ್ಟೆಯಲ್ಲಿ ಸ್ಥಳ ಮಾಡಿಕೊಟ್ಟರು. ಸಂಪ್ರದಾಯವೆಂಬುದು ಕದಲದ ಕಲ್ಲಲ್ಲವೆಂಬುದಕ್ಕೆ ಇದಕ್ಕಿಂತ ರುಚಿಯಾದ ಸಾಕ್ಷಿ ಬೇಡ.

ಉತ್ತರ ಕರ್ನಾಟಕದಲ್ಲಿ ಎಳ್ಳಿಗೆ ಸಕ್ಕರೆಯ ಪಾಕವನ್ನು ಕಟ್ಟಿ ಕುಸುರೆಳ್ಳು ಮಾಡುತ್ತಾರೆ. ಅದನ್ನು ಕಿರಿಯರು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ‘ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು’ ಎಂಬುದು ಎಲ್ಲ ಕಡೆಯೂ ಕೇಳಿಬರುವ ಮಾತು. ಮಹಾರಾಷ್ಟ್ರದ ತಿಳಗುಳದ ಪದ್ಧತಿಯಲ್ಲಿಯೂ ಇದೇ ಆಶಯವಿದೆ. ಆ ಸೀಮೆಯಲ್ಲಿ ಇದಕ್ಕೆ ಜೊತೆಯಾಗಿ ವಿಜಯದಶಮಿಯ ಬನ್ನಿಯೂ ಉಂಟು. ಬನ್ನಿಯ ಎಲೆಯನ್ನು ಬಂಗಾರವೆಂದು ಕರೆದು, ಒಬ್ಬರಿಗೊಬ್ಬರು ಕೊಟ್ಟು, ‘ಬಂಗಾರದಂತೆ ಇರೋಣ’ ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಎದುರಾದರೆ ಎಲೆ ಕೊಡದೆ ಹೋಗುವುದು ಸಲ್ಲದು.

ಬನ್ನಿಗೆ ಬಂಗಾರದ ಹೆಸರು ಬಂದುದಕ್ಕೆ ಜನರು ರಘುಮಹಾರಾಜನ ಕಥೆಯನ್ನು ಹೇಳುತ್ತಾರೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ಶಿಷ್ಯ ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಿ ಬರುತ್ತಾನೆ. ಸರ್ವಸ್ವವನ್ನೂ ಯಜ್ಞದಲ್ಲಿ ಕೊಟ್ಟುಬಿಟ್ಟಿದ್ದ ರಘುವಿನ ಭಂಡಾರದಲ್ಲಿ ಹೊನ್ನಿನ ಮಳೆಯಾಗುತ್ತದೆ. ಎಲ್ಲವನ್ನೂ ಕೊಡುವೆನೆಂದು ರಾಜ, ಗುರುವಿಗೆ ಸಲ್ಲಬೇಕಾದಷ್ಟೇ ಸಾಕೆಂದು ಶಿಷ್ಯ. ಕಾವ್ಯದಲ್ಲಿ ಬನ್ನಿಮರದ ಪ್ರಸ್ತಾಪವಿಲ್ಲ; ಹೊನ್ನು ಬನ್ನಿಯ ಮೇಲೆ ಸುರಿಯಿತು, ಉಳಿದುದನ್ನು ಜನ ಹಂಚಿಕೊಂಡರು ಎಂಬುದು ಜನಪದರು ಸೇರಿಸಿದ ಭಾಗ. ಈ ಸೇರ್ಪಡೆಯ ಮರ್ಮ ಗ್ರಾಹ್ಯವಾದುದು. ಇಬ್ಬರೂ ತನ್ನದಲ್ಲವೆಂದು ಬಿಟ್ಟ ಹೊನ್ನು ಊರಿನದಾಯಿತು.

ಕೊಡುಗೆಯ ಸ್ವರೂಪವನ್ನು ಕುರಿತು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮೂರು ಕರ್ತವ್ಯಗಳನ್ನು ಗುರುತಿಸಿದನು: ಕೊಡುವುದು, ಸ್ವೀಕರಿಸುವುದು, ಪ್ರತಿಯಾಗಿ ಕೊಡುವುದು. ನಮ್ಮ ಮನೆಗಳಲ್ಲಿ ಈ ಮೂರನೆಯದನ್ನು ‘ಬರಿಯ ಪಾತ್ರೆಯನ್ನು ಹಿಂದಕ್ಕೆ ಕಳುಹಬಾರದು’ ಎಂಬ ಸರಳ ನಿಯಮದಲ್ಲಿ ಹೇಳಿದ್ದಾರೆ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಸಾಕು. ಋಣ ತೀರಿತೆಂದು ಸಾರುವುದು ಅದರ ಗುರಿಯಲ್ಲ. ಹೋಗಿಬರುವ ದಾರಿ ಮುಚ್ಚಿಲ್ಲವೆಂದು ತಿಳಿಸುವುದು ಅದರ ಗುರಿ.

ಇಷ್ಟು ಹೇಳಿದ ಮೇಲೆ ಈ ಪದ್ಧತಿಯ ಕೊರತೆಯನ್ನು ಮರೆಮಾಚುವುದು ನ್ಯಾಯವಲ್ಲ. ಎಳ್ಳಿನ ತಟ್ಟೆ ಬಹುಕಾಲ ಎಲ್ಲ ಬಾಗಿಲುಗಳನ್ನೂ ತಟ್ಟಲಿಲ್ಲ. ಕೇರಿಯ ಗಡಿ ಬಂದೊಡನೆ ಅದು ಹಿಂದಿರುಗುತ್ತಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಮನೆಯ ಮುಂದೆ ಅದು ನಿಲ್ಲಲಿಲ್ಲ. ನಿಂತರೂ ಅರಿಸಿನ ಕುಂಕುಮವನ್ನು ಬದಿಗೆ ಸರಿಸಲಾಗುತ್ತಿತ್ತು. ವಾರವಿಡೀ ಕುಳಿತು ಕೊಬ್ಬರಿ ಹೆಚ್ಚಿದ ಅಜ್ಜಿಯ ಪಾಲಿಗೆ ಆ ಸಂಜೆ ಒಳಮನೆಯ ಮೂಲೆಯೇ ಗತಿಯಾಗುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಒಳ್ಳೆಯ ಮಾತಾಡೆಂದು ಹೇಳುವ ಹಬ್ಬ ಕೆಲವರೊಡನೆ ಮಾತನ್ನೇ ಆಡದಿದ್ದರೆ ಅದರ ಅರ್ಥವೇನು? ಬೀರುವುದೆಂಬ ಶಬ್ದಕ್ಕೆ ನಾವು ನಿಷ್ಠರಾಗಿದ್ದರೆ ಈ ತಡೆಗಳು ನಿಲ್ಲಲಾರವು. ಕಂಪು ಗಡಿಯನ್ನು ಕೇಳಿ ಹರಡುವುದಿಲ್ಲ.

ಈಗ ಎಳ್ಳುಬೆಲ್ಲ ಅಂಗಡಿಯಲ್ಲಿ ಪೊಟ್ಟಣವಾಗಿ ದೊರೆಯುತ್ತದೆ. ಬಿಡುವಿಲ್ಲದ ಗೃಹಿಣಿ ಅದನ್ನು ಕೊಂಡರೆ ತಪ್ಪೆಣಿಸಬೇಕಾಗಿಲ್ಲ. ಪೊಟ್ಟಣದೊಡನೆ ಬೆಲೆಬಾಳುವ ಡಬ್ಬಿ, ಬಟ್ಟಲುಗಳನ್ನಿಟ್ಟು, ಯಾರು ಏನು ಕೊಟ್ಟರೆಂದು ಹೋಲಿಸುವ ಚಟವೇ ಆತಂಕಕ್ಕೆ ಕಾರಣವಾದುದು. ಕೊಡುಗೆ ದೊಡ್ಡದಾದಂತೆ ಅದನ್ನು ಹಿಂದಿರುಗಿಸಲಾರದ ನೆರೆಯವನು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಎಳ್ಳು ಎಳ್ಳಷ್ಟೇ ಇರುವುದರಲ್ಲಿ ಅದರ ಹಿರಿಮೆಯಿದೆ. ಮುಂದಿನ ಸಂಕ್ರಾಂತಿಯಂದು ತಟ್ಟೆಯನ್ನು ಅಣಿಮಾಡುವಾಗ ಇದುವರೆಗೆ ನಾವು ತಟ್ಟದ ಬಾಗಿಲೊಂದನ್ನು ನೆನೆದು ಅಲ್ಲಿಗೆ ಮೊದಲು ಹೋದರೆ, ಮನೆಯ ಅಜ್ಜಿಯ ಕೈಯಿಂದಲೇ ಎಳ್ಳನ್ನು ಬೀರಿಸಿದರೆ, ಬೆಲ್ಲದ ಸವಿ ಆ ದಿನಕ್ಕೆ ಮುಗಿಯದೆ ವರ್ಷವಿಡೀ ನಾಲಗೆಯ ಮೇಲೆ ಉಳಿದೀತು.