ಹಟ್ಟಿಯ ಗುಣವೂ ಕುರಿಯ ಸಂತಾನವೂ

ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಕುರಿಹಿಂಡೆಂದರೆ ಕುರುಬನ ಮನೆಯ ಗಂಟು. ಮಗಳ ಮದುವೆಗೂ ಮನೆಯವರ ಔಷಧಕ್ಕೂ ಅವನು ಕೈಯಿಡುವುದು ಆ ಗಂಟಿಗೇ. ಹೀಗಿರಲು, ಸಕಾಲಕ್ಕೆ ಬೆದೆಗೆ ಬಾರದ ಕುರಿಯನ್ನು ಗೊಡ್ಡೆಂದು ಬಗೆದು ಅವನು ಸಂತೆಗೆ ಹೊಡೆದರೆ ಆಶ್ಚರ್ಯವಿಲ್ಲ. ಆದರೆ ದೋಷವು ಕುರಿಯದಲ್ಲದೆ, ಅದನ್ನು ಕೂಡಿಹಾಕಿದ ಹಟ್ಟಿಯದಾಗಿದ್ದರೆ? ಈ ಪ್ರಶ್ನೆಯನ್ನು ಇಂದು ಶ್ರೋತೃಗಳ ಮುಂದಿಡಲು ಬಯಸುತ್ತೇನೆ.

ಬೆದೆಯ ಆಜ್ಞೆ ಹೊರಡುವುದು ಮಿದುಳಿನಿಂದ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್.ಎಚ್. ಎಂಬ ಹಾರ್ಮೋನನ್ನು, ನಾಡಿ ಮಿಡಿದಂತೆ, ಬಿಟ್ಟುಬಿಟ್ಟು ರಕ್ತಕ್ಕೆ ಸೇರಿಸುತ್ತದೆ. ಈ ಮಿಡಿತ ಚುರುಕಾದಂತೆ ಅಂಡಾಶಯದ ಕೋಶವು ಬಲಿಯುತ್ತದೆ. ಕಡೆಗೆ ಅದೇ ಹಾರ್ಮೋನು ಪ್ರವಾಹವಾಗಿ ನುಗ್ಗಿದಾಗ ಅಂಡವು ಬಿಡುಗಡೆಯಾಗುತ್ತದೆ. ಕುರಿಯಲ್ಲಿ ಈ ಚಕ್ರವು ಸುಮಾರು 17 ದಿನಗಳಿಗೊಮ್ಮೆ ತಿರುಗುತ್ತದೆ. ಗರ್ಭ ನಿಂತರೆ ಸುಮಾರು 5 ತಿಂಗಳಿಗೆ ಮರಿ. ಮಿದುಳಾದರೋ ಕಣ್ಣು, ಮೂಗು, ಚರ್ಮಗಳಿಂದ ಸದಾ ವಾರ್ತೆಯನ್ನು ಪಡೆಯುತ್ತಿರುವುದರಿಂದ, ವಾಸಸ್ಥಳದ ಸ್ಥಿತಿಯು ಈ ಆಜ್ಞೆಯನ್ನು ತಟ್ಟದೆ ಇರದು.

ಇಂಗ್ಲೆಂಡಿನ ಕುರಿಗೆ ಋತುವನ್ನು ತಿಳಿಸುವುದು ಹಗಲಿನ ಅಳತೆ. ಅಲ್ಲಿ ಬೇಸಗೆಯ ಹಗಲಿಗೂ ಚಳಿಗಾಲದ ಹಗಲಿಗೂ 8 ಗಂಟೆಗೂ ಮಿಕ್ಕು ಅಂತರವಿದೆ. ಬೀದರದಲ್ಲಿ ಈ ಅಂತರ ಸುಮಾರು 2 ಗಂಟೆ ಮಾತ್ರ. ಆದಕಾರಣ ನಮ್ಮ ದಖ್ಖನಿ ಕುರಿಯು ಬೆಳಕಿಗೆ ಅಷ್ಟಾಗಿ ಅಧೀನವಲ್ಲ. ಮೇವು, ಬಿಸಿಲು, ಸಹವಾಸ ಇವೇ ಇಲ್ಲಿ ಹೆಚ್ಚು ನಡೆಯಿಸುವ ಶಕ್ತಿಗಳು.

ಸಹವಾಸದ ಮಾತು ವಿಚಿತ್ರವಾದುದು. ಬೆದೆ ನಿಂತ ಹೆಣ್ಣುಕುರಿಗಳ ನಡುವೆ ಟಗರನ್ನು ಹಠಾತ್ತಾಗಿ ಬಿಟ್ಟರೆ ಅವು ಮತ್ತೆ ಬೆದೆಗೆ ಬರುವುದೆಂಬುದನ್ನು 1944ರಲ್ಲಿ ಆಸ್ಟ್ರೇಲಿಯದ ಅಂಡರ್‌ವುಡ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಟಗರಿನ ಉಣ್ಣೆಯ ಜಿಡ್ಡಿನಲ್ಲಿರುವ ವಾಸನೆಯೇ ಇದಕ್ಕೆ ಮುಖ್ಯ ಕಾರಣ. ಆ ವಾಸನೆ ಮೂಗಿಗೆ ತಾಗಿದ ಕೆಲವೇ ನಿಮಿಷಗಳಲ್ಲಿ ಹಾರ್ಮೋನಿನ ಮಿಡಿತ ಏರುತ್ತದೆ. 2-3 ದಿನಗಳಲ್ಲಿ ಅಂಡವು ಬಿಡುಗಡೆಯಾಗುತ್ತದೆ. ಈ ಮೊದಲನೆಯ ಸಲ ಹೊರಗೆ ಬೆದೆಯ ಲಕ್ಷಣ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಬೆದೆ ಬರುವುದು ಹೆಚ್ಚಾಗಿ 18ನೆಯ ದಿನದ ಸುಮಾರಿಗೆ, ಇಲ್ಲವೆ ಇನ್ನೊಂದು ವಾರ ಕಳೆದ ಮೇಲೆ. ವರುಷವಿಡೀ ಟಗರು ಜೊತೆಯಲ್ಲೇ ಮೇಯುತ್ತಿದ್ದರೆ ಅದರ ವಾಸನೆ ಹಳತಾಗಿ ಪ್ರಚೋದನೆ ಕುಂದುತ್ತದೆ. ಪರಿಚಯವಿಲ್ಲದ ಹೊಸ ಟಗರಿನಲ್ಲಿಯೇ ಬಲ ಹೆಚ್ಚು. ಆದರೆ ಎಲುಬು ಕಾಣುವಷ್ಟು ಸೊರಗಿದ ಕುರಿಯಲ್ಲಿ ಈ ಉಪಾಯ ಫಲಿಸದು.

ಇನ್ನು ಭಯದ ಮಾತು. ಕುರಿಯು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ; ತನ್ನ ಹಿಂಡಿನ ಹತ್ತಾರು ಮುಖಗಳನ್ನು ವರುಷಗಟ್ಟಲೆ ನೆನಪಿಡಬಲ್ಲದು. ಅದನ್ನು ಒಂಟಿಯಾಗಿ ಕಟ್ಟಿದರೆ, ಕಿಕ್ಕಿರಿದ ಲಾರಿಯಲ್ಲಿ ಸಾಗಿಸಿದರೆ, ನಾಯಿಯ ಕಾಟಕ್ಕೆ ಒಡ್ಡಿದರೆ, ಮೂತ್ರಪಿಂಡದ ಮೇಲಣ ಗ್ರಂಥಿಯು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸುತ್ತದೆ. ಇಂಥ ಕಳವಳದಲ್ಲಿ ಎಲ್.ಎಚ್. ಮಿಡಿತವು ಕುಗ್ಗಿ, ಪ್ರವಾಹವು ತಡವಾಗುತ್ತದೆ, ಕೆಲವೊಮ್ಮೆ ಬಾರದೆಯೇ ಹೋಗುತ್ತದೆ. ಬೆದೆಯ ಮುಂಚಿನ ದಿನಗಳಲ್ಲಿ ಒದಗುವ ಗಾಬರಿಗೆ ಬೆಲೆ ಹೀಗೆ ತೆರಬೇಕಾಗುತ್ತದೆ.

ಬಿಸಿಲೂ ಅಂಥದೇ ಶತ್ರು. ಔರಾದದ ಬಯಲಿನಲ್ಲಿ ಮೇ ತಿಂಗಳ ತಾಪವು 40 ಡಿಗ್ರಿ ದಾಟುವುದುಂಟು. ತಗ್ಗಾದ ತಗಡಿನ ಚಾವಣಿಯು ಅದನ್ನು ಇನ್ನಷ್ಟು ಕೆಳಕ್ಕೆ ಸುರಿಯುತ್ತದೆ. ಟಗರಿನ ವೃಷಣವು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯವು ಚೆನ್ನಾಗಿ ಸಿದ್ಧವಾಗುತ್ತದೆ. ಆ ಸಿದ್ಧತೆಗೆ ಸುಮಾರು 7 ವಾರ ಬೇಕು. ಆದುದರಿಂದ ಮೇ ತಿಂಗಳಲ್ಲಿ ಬೆಂದ ಟಗರಿನ ದೋಷವು ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ, ಜುಲೈಯಲ್ಲಿ, ಪ್ರಕಟವಾಗುತ್ತದೆ. ಆಗ ಬೈಗುಳವು ಹೆಣ್ಣುಕುರಿಯ ಪಾಲಿಗೆ ಬರುತ್ತದೆ!

ಪರಿಹಾರವು ದುಬಾರಿಯದಲ್ಲ. ಹಟ್ಟಿಯ ಉದ್ದವು ಪೂರ್ವಪಶ್ಚಿಮವಾಗಿರಲಿ; ಚಾವಣಿ ಎತ್ತರವಾಗಿ, ಅದರ ಮೇಲೆ ಹುಲ್ಲಿನ ಹೊದಿಕೆಯಿರಲಿ; ಪಕ್ಕಗಳಲ್ಲಿ ಗಾಳಿಯಾಡಲಿ. ಒಂದೊಂದು ಕುರಿಗೂ 10-12 ಚದರಡಿ ನೆರಳು, ಅದರ ಇಮ್ಮಡಿ ಬಯಲು ಇರಲಿ. ಟಗರುಗಳನ್ನು ಒಂದು ತಿಂಗಳ ಮಟ್ಟಿಗೆ ಕಣ್ಣಿಗೂ ಮೂಗಿಗೂ ದೂರವಾಗಿಟ್ಟು, ಮೇವು ಒದಗಿದಾಗ ಹಿಂಡಿಗೆ ಬಿಡಲಿ. ಬೇರೆ ಊರಿನ ಟಗರಾದರೆ ರಕ್ತಸಂಬಂಧದ ದೋಷವೂ ತಪ್ಪುವುದು. ಕಾಯಿಲೆಯ ಕುರಿಯನ್ನು ಬೇರ್ಪಡಿಸಲೇಬೇಕಾದರೆ ಹಿಂಡು ಅದರ ಕಣ್ಣಿಗೆ ಬೀಳುತ್ತಿರಲಿ.

ಹೊಲದಲ್ಲಿ ತಟ್ಟಿ ಕಟ್ಟಿ ಕುರಿ ತರುಬುತ್ತಿದ್ದ ಕುರುಬನು ಗಾಳಿಯನ್ನೂ ಸಹವಾಸವನ್ನೂ ಹಿಂಡಿಗೆ ಪುಕ್ಕಟೆಯಾಗಿ ಒದಗಿಸುತ್ತಿದ್ದನು. ಗೋಮಾಳಗಳು ಕಿರಿದಾಗಿ ಕುರಿಗಳು ಗೋಡೆಯೊಳಗೆ ಸೇರುವಾಗ ಆ ಎರಡನ್ನೂ ನಾವು ಬುದ್ಧಿಪೂರ್ವಕವಾಗಿ ಕಟ್ಟಿಕೊಡಬೇಕಾಗಿದೆ. 2004ರ ಶಾಸನದಂತೆ ಏರ್ಪಟ್ಟ ಪಶುವೈದ್ಯ ವಿಶ್ವವಿದ್ಯಾಲಯವು ಬೀದರದ ನಂದಿನಗರದಲ್ಲಿಯೇ ಇರುವುದರಿಂದ ಕೇಳಿ ತಿಳಿಯಲು ದೂರ ಹೋಗಬೇಕಾಗಿಲ್ಲ. ಹಟ್ಟಿಗೆ ಸಾಲ ಕೊಡುವವರೂ ನಕ್ಷೆ ಬರೆಯುವವರೂ ನಗರದ ವಿದ್ಯಾವಂತರೇ ಆಗಿರುವರು. ಅವರು ಗೋಡೆಯ ಅಳತೆಯ ಜೊತೆಗೆ ಕುರಿಯ ಮೂಗನ್ನೂ ಮನಸ್ಸನ್ನೂ ಲೆಕ್ಕಕ್ಕೆ ಹಿಡಿದರೆ, ಗೊಡ್ಡೆನಿಸಿಕೊಂಡು ಸಂತೆಯ ದಾರಿ ಹಿಡಿಯುವ ಎಷ್ಟೋ ಕುರಿಗಳು ಮರಿಯೊಡನೆ ಹಟ್ಟಿಯಲ್ಲಿ ಉಳಿದಾವು.