ನೀರು ಹೆಚ್ಚಾದರೆ ಕೊಳೆಯುವ ಲೋಳೆಸರ

ದೃಷ್ಟಿ ತಗುಲದಿರಲೆಂದು ಲೋಳೆಸರವನ್ನು ಬೇರುಸಹಿತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಉಂಟು. ಮಣ್ಣು, ನೀರು ಎರಡೂ ಇಲ್ಲದೆ ಆ ಗಿಡ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಕಂಡವರು ಬಹಳ. ಅದೇ ಗಿಡ ಕುಂಡದಲ್ಲಿ ದಿನವೂ ನೀರುಂಡು ಕೊಳೆಯುವುದೇಕೆಂದು ಯೋಚಿಸಿದವರು ಕಡಿಮೆ. ಅರೇಬಿಯಾದ ಒಣನೆಲ ಇದರ ಮೂಲವಾದ್ದರಿಂದ, ಎಲೆಯ ಮೇಲಿನ ಪತ್ರರಂಧ್ರಗಳು, ಅಂದರೆ ಗಾಳಿಯಾಡುವ ಸೂಕ್ಷ್ಮ ಬಾಯಿಗಳು, ಹಗಲಿನ ಬಿಸಿಲಿಗೆ ಮುಚ್ಚಿದ್ದು ರಾತ್ರಿ ತೆರೆದುಕೊಳ್ಳುತ್ತವೆ. ಶೇ 98ಕ್ಕೂ ಹೆಚ್ಚು ನೀರಿರುವ ಒಳಗಿನ ಲೋಳೆಯು ಹೀಗೆ ಆವಿಯಾಗದೆ ಉಳಿಯುತ್ತದೆ.

ಬಾಬಾಬುಡನ್‌ಗಿರಿ ಶ್ರೇಣಿಯ ಮಳೆನೆರಳಿನಲ್ಲಿರುವ ಕಡೂರಿನ ಬಯಲಿಗೆ ಈ ಸ್ವಭಾವ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಬೇಸಿಗೆಯಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಬೆರಳನ್ನು ಎರಡಂಗುಲ ಮಣ್ಣಿಗಿಳಿಸಿ ಒಣಗಿದೆಯೆಂದು ಖಚಿತವಾದ ಮೇಲೆ ನೀರುಣಿಸಿದರೆ ಸಾಕು. ಅಜ್ಜಂಪುರದ ಕಪ್ಪು ಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದರಿಂದ ಅದನ್ನೇ ಕುಂಡಕ್ಕೆ ತುಂಬುವುದು ತರವಲ್ಲ. ಕೆಮ್ಮಣ್ಣಿಗೆ ಅಷ್ಟೇ ಮರಳನ್ನೂ ಒಂದಿಷ್ಟು ಹಳೆಯ ಗೊಬ್ಬರವನ್ನೂ ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಬಳಸಬೇಕು. ಅಡಕೆಯ ಸೀಮೆಯಾದ ತರೀಕೆರೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಕುಂಡವನ್ನು ಸೂರಿನಡಿಗೆ ಸರಿಸುವುದು ಲೇಸು. ಎಲೆಯ ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬೇರು ಕೊಳೆಯುತ್ತಿದೆಯೆಂದೇ ತಿಳಿಯಬೇಕು.

ಹೊಸ ಗಿಡ ಬೇಕೆಂದು ಎಲೆ ನೆಟ್ಟರೆ ಅದು ಬಹುತೇಕ ಕೊಳೆತೇ ಹೋಗುತ್ತದೆ. ತಾಯಿಗಿಡದ ಬುಡದಲ್ಲಿ ಏಳುವ, ನಾಲ್ಕಾರು ಎಲೆಗಳಿರುವ ಮರಿಯನ್ನು ಬೇರಿನೊಡನೆ ಬಿಡಿಸಿ, ಗಾಯ ಒಣಗಲೆಂದು ಎರಡು ಮೂರು ದಿನ ನೆರಳಿನಲ್ಲಿಟ್ಟು ನೆಡುವುದೇ ಸರಿಯಾದ ಕ್ರಮ.

ಹೊಲದ ಬದುಗಳಲ್ಲಿ ಬೆಳೆಯುವ ಕತ್ತಾಳೆಯನ್ನು ಲೋಳೆಸರವೆಂದು ಭ್ರಮಿಸಬಾರದು. ಅಮೆರಿಕ ಮೂಲದ ಕತ್ತಾಳೆಯ ಎಲೆ ನಾರುಮಯವಾಗಿದ್ದು, ತುದಿಯಲ್ಲಿ ಗಟ್ಟಿಮುಳ್ಳಿರುತ್ತದೆ. ಅದರ ರಸ ಮೈಗೆ ತಾಗಿದರೆ ತುರಿಕೆಯುಂಟಾಗುತ್ತದೆ.

ಲೋಳೆಸರದಲ್ಲಿಯೂ ಎಲ್ಲವೂ ನಿರಪಾಯವಲ್ಲ. ಹೊರಗಿನ ಬಲಿತ ಎಲೆಯನ್ನು ಕೊಯ್ದೊಡನೆ ಸಿಪ್ಪೆಯ ಕೆಳಗಿನಿಂದ ಹಳದಿ ರಸ ಒಸರುತ್ತದೆ. ಅಲೋಯಿನ್ ಎಂಬ ಕಹಿ ಭೇದಿಕಾರಕವಿರುವ ಈ ರಸ ಒಣಗಿದಾಗ ಕರಿಬೋಳವೆನಿಸುತ್ತದೆ. ಇದನ್ನು ಔಷಧಿಯಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವ ಭೇದಿಮದ್ದುಗಳಲ್ಲಿ ಬಳಸುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2002ರಲ್ಲಿ ನಿಲ್ಲಿಸಿತು. ಆದ್ದರಿಂದ ಎಲೆಯನ್ನು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ಹಳದಿ ರಸ ಇಳಿದ ಬಳಿಕ, ತಿಳಿಲೋಳೆಯನ್ನು ತೊಳೆದು ಚರ್ಮಕ್ಕೆ ಹಚ್ಚಬಹುದು. ಗರ್ಭಿಣಿಯರಿಗೂ ಮಕ್ಕಳಿಗೂ ವೈದ್ಯರನ್ನು ಕೇಳದೆ ಅದನ್ನು ಕುಡಿಸಬಾರದು.